ಒಂದು ಮಾರ್ಕಿಗೆ ತಪ್ಪಿದ ಸೀಟು

‘ನಾಳೆ ಮೈಕಿನ ಮುಂದೆ ಧ್ವನಿ ಬರದಿದ್ದರೆ?’

ಶುಕ್ರವಾರದ ಡೈರಿಯಲ್ಲಿ ಇದೊಂದೇ ಸಾಲು. ಸಣ್ಣ ಚಿಂತೆ, ಯಾರಿಗೂ ಹೇಳುವಂಥದ್ದಲ್ಲ. ಬಸ್ಸಿನಲ್ಲಿ ‘ಸಿಂಧನೂರು ಒಂದು’ ಎಂದರೆ ಕಂಡಕ್ಟರ್ ಎರಡು ಸಲ ‘ಏನು?’ ಅನ್ನುತ್ತಾನೆ. ಅಂಥ ಧ್ವನಿ ನನ್ನದು.

“ಯಾಕಬೇ ನಂದಿನಿ, ಬಾಯಾಗ ಸಸಿಮಡಿ ಹಾಕ್ಯಾರೇನು? ಜೋರ ಓದು!” ಎಂದ ಸಾಹುಕಾರ ಶಿವಶರಣಪ್ಪ, ತಾನು ಬರೆಸಿದ ಹಾಳೆಯೊಂದನ್ನು ನನ್ನ ಕೈಗಿಟ್ಟು.

ಬಳಗಾನೂರಿನ ಕಾಲುವೆ ಕೆಳಗಿನ ಗದ್ದೆ ಅವನದು. ಗದ್ದೆಯ ತುದಿಗಿರುವ ಕಾಲೇಜೂ ಅವನದೇ. ಗದ್ದೆಯಲ್ಲಿ ನನ್ನವ್ವ ಕನಕಮ್ಮ ಸಸಿ ಹಚ್ಚುತ್ತಾಳೆ. ಕಾಲೇಜಿನಲ್ಲಿ ನಾನು, ಬಿ.ಎಸ್ಸಿ. ಮುಗಿಸಿದವಳು, ಕಂಪ್ಯೂಟರ್ ಮುಂದೆ ಕೂತು ಹುಡುಗರ ಅರ್ಜಿ ತುಂಬುತ್ತೇನೆ. ಕೆಲಸಕ್ಕೆ ಸೇರಿದ ದಿನವೇ ಸಾಹುಕಾರ ನನ್ನ ಮೂಲ ಅಂಕಪಟ್ಟಿಗಳನ್ನು ಇಸಿದುಕೊಂಡಿದ್ದ. ನಡುವೆ ಬಿಟ್ಟು ಹೋಗಬಾರದೆಂದು ಅಲ್ಲಿ ದುಡಿಯುವ ಎಲ್ಲರವೂ ಅವನ ಕಪಾಟಿನಲ್ಲೇ. ಎತ್ತಿಗೆ ಮೂಗುದಾರ ಇದ್ದ ಹಾಗೆ.

ಮಾರ್ಚಿನಲ್ಲಿ ನಾನೂ ಅವನ ಮಗ ಅನಿಲಕುಮಾರನೂ ಹೈದರಾಬಾದಿನ ವಿಶ್ವವಿದ್ಯಾಲಯವೊಂದರ ಎಂ.ಎಸ್ಸಿ.ಗೆ ಒಂದೇ ಪ್ರವೇಶ ಪರೀಕ್ಷೆ ಬರೆದಿದ್ದೆವು. ನನಗೆ ಸೀಟು ಸಿಕ್ಕಿತು, ಅವನಿಗಿಲ್ಲ. ಸೋಮವಾರದೊಳಗೆ ಮೂಲ ಅಂಕಪಟ್ಟಿ ತೋರಿಸದಿದ್ದರೆ ನನ್ನ ಸೀಟು ಮುಂದಿನವರಿಗೆ ಹೋಗುತ್ತದೆ.

ಆ ಅಂಕಪಟ್ಟಿ ಕೇಳಲು ಹೋದರೆ ಕೈಗೆ ಬಂದದ್ದು ಈ ಹಾಳೆ: ‘ಕಡಿಮೆ ಅಂಕ ಬಂದರೂ ಮೀಸಲಾತಿಯ ಕೃಪೆಯಿಂದ ನನಗೆ ಸೀಟು ದೊರೆತಿದೆ. ನನಗಿಂತ ಬುದ್ಧಿವಂತರಾದ ಅನಿಲಕುಮಾರ ಅವರಿಗೆ ಒಂದೇ ಅಂಕದಿಂದ ತಪ್ಪಿದೆ. ಅವರ ತಂದೆಯವರಿಗೆ ನಾನು ಚಿರಋಣಿ.’

“ನಾಳೆ ನನ್ನ ಮಗನ ಸನ್ಮಾನ ಐತಿ. ಮಂದಿ ಮುಂದ ಇದನ್ನ ಓದು, ನಿನ್ನ ಮಾರ್ಕ್ಸ್ ಕಾರ್ಡಿನ ಲಕೋಟಿ ಕೈಯಾಗ ಇಡ್ತೀನಿ. ಇಲ್ಲಂದ್ರ ನಿಮ್ಮವ್ವನ ಬಾಜೂಕ ನಿಂತು ಸಸಿ ಹಚ್ಚು.”

“ನನ್ನ ಹೆಸರು... ಜನರಲ್ ಲಿಸ್ಟಿನಾಗ...” ಎಂದೆ.

“ಏನು?”

ನಾನು ಹಾಳೆ ಮಡಚಿಕೊಂಡೆ.

ಪಕ್ಕದ ಕುರ್ಚಿಯಲ್ಲಿದ್ದ ಅನಿಲಕುಮಾರ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಬಿಡಪಾ, ಕೇರಿಯವರಿಗೆ ಮಾರ್ಕ್ಸ್ ಯಾರು ಕೇಳ್ತಾರ? ಜಾತಿ ಸರ್ಟಿಫಿಕೇಟ್ ತೋರ್ಸಿದ್ರ ಬಾಗಿಲಾ ತಗೀತಾರ.”

ಅವನ ಅರ್ಜಿ ತುಂಬಿದವಳು ನಾನು. ಪಾಸ್‌ವರ್ಡ್ ಇಟ್ಟವಳೂ ನಾನೇ. ಫಲಿತಾಂಶದ ದಿನ ಪ್ರಿಂಟ್ ತೆಗೆದು ಕೊಟ್ಟೆ. ನೋಡಿದ, ಹರಿದು ಬುಟ್ಟಿಗೆ ಹಾಕಿದ. ಅವನು ಹೋದ ಮೇಲೆ ಇನ್ನೊಂದು ಪ್ರಿಂಟ್ ತೆಗೆದು ಡೈರಿಯೊಳಗಿಟ್ಟೆ. ಯಾಕೆಂದು ಆಗ ಗೊತ್ತಿರಲಿಲ್ಲ.

ಸುಳ್ಳು. ಗೊತ್ತಿತ್ತು.

ಸಂಜೆ ಅವ್ವ ಕೆಸರಿಗೆ ಕೊಳೆತ ಕಾಲ್ಬೆರಳ ಸಂದಿಗೆ ಅರಿಷಿಣ ಎಣ್ಣೆ ಹಚ್ಚುತ್ತಾ ಎಲ್ಲ ಕೇಳಿದಳು.

“ನಿನಗ ಎಷ್ಟು ಬಂದಾವ?”

“ಮುನ್ನೂರಕ್ಕ ಇನ್ನೂರ ಹದಿನಾಲ್ಕು.”

“ಅವಂಗ?”

“ಮೈನಸ್ ಏಳು.”

“ಹಂಗಂದ್ರ?”

“ತಪ್ಪು ಬರದ್ರ ಒಂದೊಂದು ಮಾರ್ಕು ಕಳೀತಾರಬೇ ಯವ್ವ. ಏನೂ ಬರೀದೆ ಕುಂತಿದ್ರ ಸೊನ್ನಿ ಬರ್ತಿತ್ತು. ಇಂವ ಸೊನ್ನಿಗಿಂತ ಕೆಳಗ ಹೋಗ್ಯಾನ.”

ಅವ್ವ ಎಣ್ಣೆ ಕೈ ಸೆರಗಿಗೆ ಒರೆಸಿಕೊಂಡಳು. “ಸಸಿ ಹಚ್ಚಂತ ಗದ್ದಿಗೆ ಇಳಿಸಿದ್ರ, ಹಚ್ಚಿದ್ದನ್ನೂ ಕಿತ್ತು ಬಂದಾನ ಸೂಳೇಮಗ!” ಎಂದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಆದ್ರೂ ಓದಿಬಿಡವ್ವ. ಕಾಗದ ಕೈಗೆ ಬರ್ಲಿ,” ಎಂದಳು.

ಶನಿವಾರ ಗದ್ದೆಯ ಬದುವಿಗೆ ಹೊಂದಿಕೊಂಡು ಶಾಮಿಯಾನ ಹಾಕಿದ್ದರು. ಮೈಕಿನ ಅಮೀನ್‌ಸಾಬ್ ಒಂದು ಹಾರ್ನನ್ನು ಜನರ ಕಡೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ.

“ಅದನ್ನ ಗದ್ದಿ ಕಡೆ ತಿರುವು,” ಎಂದ ಸಾಹುಕಾರ. “ಕೆಸರಾಗಿನ ಮಂದೀನೂ ಕೇಳ್ಲಿ. ಮಗಳು ಕಲ್ತಾಳಂತ ಕನಕಿ ಭಾಳ ಸೆಡವು ಮಾಡಾಕತ್ಯಾಳ.”

ಮಸ್ಕಿ, ಸಿಂಧನೂರಿನ ವ್ಯಾಪಾರಿಗಳು, ಅಧಿಕಾರಿಗಳು ಮುಂದಿನ ಸಾಲಿನಲ್ಲಿದ್ದರು. ಯಾವುದೋ ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೊಂಡ ಸೀಟಿಗೆ ಅನಿಲಕುಮಾರನಿಗೆ ಶಾಲು, ಹಾರ. ಸಾಹುಕಾರ ಕಣ್ಣೊರೆಸಿಕೊಂಡ. “ಒಂದು ಮಾರ್ಕು! ಒಂದೇ ಮಾರ್ಕಿಗೆ ನನ್ನ ಮಗನ ಸೀಟು ಕಸಗೊಂಡ್ರು. ಈ ದೇಶದಾಗ ಪ್ರತಿಭೆ ಸಾಯಾಕತ್ತೈತ್ರಿ.” ಚಪ್ಪಾಳೆ ಬಿತ್ತು. “ಬಾರಬೇ ನಂದಿನಿ. ಚಪ್ಪಲಿ ಕೆಳಗ ಬಿಟ್ಟು ಬಾ.”

ವೇದಿಕೆ ಮೇಲಿದ್ದವರೆಲ್ಲರ ಕಾಲಲ್ಲೂ ಬೂಟು, ಚಪ್ಪಲಿ. ನಾನು ಬರಿಗಾಲಲ್ಲಿ ಹತ್ತಿದೆ.

ಲಕೋಟೆ ಅವನ ಕೈಯಲ್ಲಿತ್ತು. ಕರುವಿಗೆ ಹುಲ್ಲು ತೋರಿಸಿದಂತೆ ಸಣ್ಣಗೆ ಅಲ್ಲಾಡಿಸಿದ. ಅತ್ತ ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿದರು. ನಡುವೆ ಅವ್ವ, ಕೈಯಲ್ಲಿ ಸಸಿಕಟ್ಟು.

ಅವನು ಕೊಟ್ಟ ಹಾಳೆ ಬಿಚ್ಚಿದೆ. ಅದರೊಳಗೆ ನಾನೇ ಮಡಚಿಟ್ಟ ಪ್ರಿಂಟ್ ಇತ್ತು. ಬಾಯಿ ತೆರೆದೆ. ಬರಿ ಉಸಿರು.

“ಓದಬೇ, ಬಾಯಿ ಸತ್ತೈತೇನು?” ಮುಂದಿನ ಸಾಲಿನಲ್ಲಿ ನಗು.

ಅಮೀನ್‌ಸಾಬ್ ಬಂದು ಮೈಕನ್ನು ನನ್ನ ತುಟಿಯವರೆಗೆ ತಗ್ಗಿಸಿದ. “ಇಷ್ಟು ಸಾಕವ್ವ. ಮೆಲ್ಲಕ ಅಂದ್ರೂ ಕಾಲುವಿತನಾ ಕೇಳ್ತೈತಿ,” ಎಂದು ಪಿಸುಗುಟ್ಟಿ ಹೋದ.

ಲಕೋಟೆಯನ್ನು ಕೊನೆಯ ಸಲ ನೋಡಿದೆ.

“ಪರೀಕ್ಷೆ ಮುನ್ನೂರು ಮಾರ್ಕಿಂದು,” ಎಂದೆ. “ನನಗ ಇನ್ನೂರ ಹದಿನಾಲ್ಕು, ಜನರಲ್ ಲಿಸ್ಟಿನಾಗ. ಸಾಹುಕಾರ್ರ ಮಗಗ ಮೈನಸ್ ಏಳು.”

ಗದ್ದೆಯಿಂದ ಒಂದು ನಗು ಎದ್ದಿತು. ಅದು ಅವ್ವನದು. ಆಮೇಲೆ ಇಡೀ ಸಾಲಿನದು. ಸಾಹುಕಾರನ ಮುಷ್ಟಿಯಲ್ಲಿ ಲಕೋಟೆ ಮುದ್ದೆಯಾಗುತ್ತಿತ್ತು. ಒಳಗೆ ನನ್ನ ಬಿ.ಎಸ್ಸಿ.ಯ ಮೂರು ವರ್ಷ ಮುರಿಯುವ ಸದ್ದು ಕೇಳಿತು.

“ಏನಂದೀಬೇ ರಂಡಿ?” ಎಂದ.

ಎಲ್ಲರೂ ನನ್ನನ್ನು ಎರಡು ಸಲ ಕೇಳುತ್ತಾರೆ. ಈ ಸಲ ನಾನು ಮೈಕು ಬಿಟ್ಟು ಅವನ ಮುಖಕ್ಕೇ ತಿರುಗಿದೆ.

“ಮೈನಸ್ ಏಳು.”