ಅತ್ತೆ ತುಟಿ ಸವರಿಕೊಂಡಾಗ

ಪ್ರಯೋಗಾಲಯದಲ್ಲಿ ಇಲಿಗಳ ಮುಖ ನೋಡುವುದೇ ಸೊಸೆಯ ಕೆಲಸ. ಬಾಯಿಗೆ ಬಿಟ್ಟ ಹನಿ ಹಿಡಿಸಿದರೆ ಇಲಿ ತುಟಿ ನೆಕ್ಕಿಕೊಳ್ಳುತ್ತದೆ, ಹಿಡಿಸದಿದ್ದರೆ ಬಾಯಗಲಿಸಿ ತಲೆ ಕೊಡವುತ್ತದೆ. ಮಿದುಳಿಗೆ ಸಿಕ್ಕ ಸುಖವನ್ನು ಮುಖ ಬಚ್ಚಿಡಲಾರದು.

ಮನೆಯಲ್ಲಿ ಅತ್ತೆಗೆ ಡಾಕ್ಟರು ಉಪ್ಪು ಬಿಡಿಸಿದ್ದರು. ಸಪ್ಪೆ ಸೂಪನ್ನು "ಚೆನ್ನಾಗಿದೆ ಕಣೇ" ಎಂದು ಹೊಗಳುತ್ತಲೇ ಚಮಚ ಚಮಚಕ್ಕೂ ಥೇಟ್ ಇಲಿಯ ಹಾಗೆ ಬಾಯಗಲಿಸುತ್ತಿದ್ದರು. ಇವತ್ತು ಮಾತ್ರ ಅವರ ನಾಲಿಗೆ ಹೊರಬಂದು ತುಟಿಯನ್ನು ನಿಧಾನವಾಗಿ ಸವರಿತು.

ಸೊಸೆ ಚಮಚ ಕೆಳಗಿಟ್ಟು ಮಾವನ ಕಡೆ ತಿರುಗಿದಳು. ಅವರು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ಕೂತಿದ್ದರು.

"ಉಪ್ಪು ಹಾಕಿದ್ರಾ ಮಾವ?"

"ಒಂದೇ ಚಿಟಿಕೆ," ಎಂದರು ಮಾವ. "ನೀನು ದಿನವೆಲ್ಲಾ ಎಷ್ಟೋ ಇಲಿಗಳ ಮುಖ ನೋಡ್ತೀಯಮ್ಮ. ನಂಗೆ ನೋಡೋಕಿರೋದು ಇವಳ ಮುಖ ಒಂದೇ."