ಕಾಟಾ ಏರಿದ ಹನ್ನೊಂದು ಮಂದಿ

ನಮ್ಮವ್ವನ ಆಣಿ, ಕೈಯಾಗಿನ ಈ ಕಬ್ಬ ಕಡಿಯೋ ಕೊಯ್ತಾದ ಆಣಿ, ಇದು ನಡದದ್ದ ಖರೇ. ಒಂದ ಮಾತ ಸುಳ್ಳ ಇದ್ರ ನನ್ನ ನಾಲಿಗಿ ಕಬ್ಬಿನ ಜೋಡಿ ಗಾಣದಾಗ ಹೋಗ್ಲಿ.

“ಏ ಭಾಡ್ಯಾ ಭೀಮಸಿ, ಹದಿನಾಕ ಟನ್ ಅಂದ್ರ ಹದಿನಾಕ! ಕಾಟಾಕ್ಕ ಸುಳ್ಳ ಹೇಳಾಕ ಬರಂಗಿಲ್ಲ. ಸುಳ್ಳ ಹೇಳೂದು ನಿಮ್ಮ ಜಾತಿ!” ಅಂತ ಸಕ್ಕರಿ ಫ್ಯಾಕ್ಟರಿ ಚೇರಮನ್ ಬಾಪುಸಾಹೇಬ ಎಲ್ಲಾರ ಮುಂದ ನನ್ನ ಉಗಿಯಾಕತ್ತಿದ್ದ.

ನಾವು ಕರೋಶಿ ಕಡೆ ಕಬ್ಬ ಕಡಿಯೋ ಗ್ಯಾಂಗಿನವ್ರು. ಕಡದಷ್ಟ ಟನ್ನಿಗೆ ಪಗಾರ. ಹೊರಗ ಹದಿನೈದ ಟನ್ ತೂಗಿದ ಗಾಡಿ ಫ್ಯಾಕ್ಟರಿ ತೂಕದ ಕಾಟಾ ಏರಿದ ಕೂಡ್ಲೆ ಹದಿನಾಕ ಆಗತಿತ್ತು. ದಿನಾ ಗಾಡಿಗೊಂದ ಟನ್ ತಿನ್ನಾಕ ಇವ್ರೇನ ಆನಿ ಸಾಕ್ಯಾರೇನ?

ಹೋದ ವರ್ಷ ಖಾಸಗಿ ಫ್ಯಾಕ್ಟರಿಗೆ ಕಡದಿದ್ವಿ. ಅಲ್ಲಿ ಮಾಲಕ ಒಬ್ಬನ, ಕಾಟಾದಾಗ ಟನ್ ಹೊಡಿಯಾಂವನೂ ಒಬ್ಬನ. ಇದು ಸಹಕಾರಿ. ಎಲ್ಲಾರೂ ಮಾಲಕರಂತ. ಅಂದ್ರ ನಮ್ಮ ಟನ್ ನಾವ ನುಂಗೇವಿ ಅಂತ ತಿಳಕೋಬೇಕು.

“ಇಲ್ಲಿ ಸಾಹೇಬ ಇಲ್ಲ, ಆಳ ಇಲ್ಲ, ಎಲ್ಲಾರೂ ಸಮಾನ,” ಅಂದ ಬಾಪುಸಾಹೇಬ ಛತ್ರಿ ನೆಳ್ಳಾಗ ನಿಂತು. ಅಂವಗ ಛತ್ರಿ ಹಿಡದ ಸಮಾನ ಬಿಸಲಾಗ ನಿಂತಿದ್ದ.

ನಮ್ಮ ಚಿಗವ್ವ ಸತ್ತೆವ್ವ ಸೆರಗ ಸಿಗಿಸಿ ಮುಂದ ಬಂದ್ಲು. “ಹೌದ್ರಿ ಸಾಹೇಬ್ರ. ಹಂಗಾದ್ರ ನೀವ ಒಮ್ಮಿ ಕಾಟಾ ಏರಿ ತೋರಸ್ರಿ.”

“ಏರತೇನಿ ಬೇ! ನಿನ್ನಂಗ ಕಬ್ಬಿನ ಒಣಾ ರವದಿ ಅಲ್ಲ ನಾ!” ಹೋದ ತಿಂಗಳ ಹುಟ್ಟಹಬ್ಬಕ್ಕ ಅಂವಗ ಬೆಲ್ಲದ ತುಲಾಭಾರ ಆಗಿತ್ತು. ನೂರಾ ಎಂಟ ಕಿಲೋ ಬೆಲ್ಲ ಹತ್ತಿತ್ತು.

ಒಳಗ ಕಾಟಾ ಕ್ಲಾರ್ಕ್ ಕುಣಾಲ, “ಬ್ಯಾಡ್ರಿ ಸಾಹೇಬ್ರ, ಬ್ಯಾಡ್ರಿ,” ಅಂತ ಗಾಜ ಬಡದ. ಅಷ್ಟರಾಗ ಸಾಹೇಬ ಏರಿದ್ದ.

ತೂಕದ ಬೋರ್ಡಿನ್ಯಾಗ ಬಂತ ನೋಡ್ರಿ. ಸೊನ್ನಿ.

ಆಮ್ಯಾಲ ಗೊತ್ತಾತು, ಕುಣಾಲನ ಟೇಬಲ್ ಬುಡಕ ಒಂದ ಗುಂಡಿ. ತುಂಬಿದ ಗಾಡಿ ಬಂದಾಗ ಒತ್ತಿದ್ರ ಒಂದ ಟನ್ ಮಾಯ, ಟನ್ನಿಗಿಂತ ಕಡಿಮಿ ಇದ್ರ ಸೊನ್ನಿ. ಒತ್ತಿದ್ದನ್ನ ಬಿಡಸೂದು ಮರತಿದ್ದ ಹುಚ್ಚ ಸೂಳಿಮಗ.

“ಸಾಹೇಬ್ರ, ಕಾಟಾಕ್ಕ ಸುಳ್ಳ ಹೇಳಾಕ ಬರಂಗಿಲ್ಲ. ನೀವ ಇಲ್ಲಂತ!” ಅಂದೆ ನಾ.

ಮರ್ಯಾದಿ ಹೋಗ್ತೈತಿ ಅಂತ ಸಾಹೇಬ ಮೀಟಿಂಗಿನ್ಯಾಗಿದ್ದ ಡೈರೆಕ್ಟರುಗಳ್ನ ಕೂಗಿದ. ಹತ್ತ ಮಂದಿ ಓಡಿಬಂದ್ರು. ಒಬ್ಬೊಬ್ಬಂದು ಒಂದೊಂದ ಜ್ವಾಳದ ಹಗೇವಿನಂಥ ಹೊಟ್ಟಿ. ಹನ್ನೊಂದೂ ಮಂದಿ ಕಾಟಾದ ಮ್ಯಾಲೆ ಕೈ ಕೈ ಹಿಡಕೊಂಡ ನಿಂತ್ರು. ಸಹಕಾರ ಅಂದ್ರ ಏನ ಅಂತ ಅವತ್ತ ನೋಡಿದೆ.

ಸೊನ್ನಿ.

ಆವಾಗ ಸತ್ತೆವ್ವ ಅವ್ರ ಮಗ್ಗಲಕ್ಕ ಏರಿದ್ಲು. ಇಡೀ ದಿನಾ ಕಬ್ಬ ಹೊತ್ತ ಒಣಗಿದ ಮೈ, ನಲವತ್ತ ಕಿಲೋ ದಾಟಿದ್ರ ಜಾಸ್ತಿ. ಬೋರ್ಡ ಟಕ್ ಅಂತು. ಗುಂಡಿ ನುಂಗೂ ಒಂದ ಟನ್ ದಾಟಿ ಮ್ಯಾಲೆ ಮೂವತ್ತ ಕಿಲೋ!

ನಮ್ಮ ಗ್ಯಾಂಗ ಹಾಕಿದ ಸಿಳ್ಳಿ ಚಿಕ್ಕೋಡಿ ಕೋರ್ಟಿನ್ಯಾಗ ಕೇಳಿ, ಜಡ್ಜ ತಾರೀಕ ಕೊಡೂದು ಮರತನಂತ.

“ಇಳಿ ಬೇ, ಬೋಸುಡಿ!” ಅಂದ ಬಾಪುಸಾಹೇಬ. ಕುಣಾಲ ಪಟ್ಟನ ಮಶೀನ ಬಂದ್ ಮಾಡಿದ. ಹನ್ನೊಂದು ಮಂದಿ ಜಿಗದ ಓಡಿದ್ರು. ಸತ್ತೆವ್ವ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಂತ್ಲು.

“ನುಂಗಿದ ಟನ್ ಕಕ್ರಿ. ಇಳಿತೇನಿ.”

ಪೊಲೀಸರು ಬಂದ್ರು. ಕಾಟಾ ಏರಲಿಲ್ಲ. ಏರಿ ತಮ್ಮದೂ ಸೊನ್ನಿ ಬಂದ್ರ? ಇವತ್ತಿಗೆ ಮೂರ ದಿನಾ. ಗಾಡಿಗಳ ಸಾಲ ಮುಗಳಖೋಡ ದಾಟೈತಿ. ಆಕಿ ಇನ್ನೂ ಅಲ್ಲೇ ಅದಾಳ.

ನಗಾಕತ್ತೀರಿ? ನಗ್ರಿ, ನಗ್ರಿ. ಆದ್ರ ನಿಮ್ಮ ಕೈಯಾಗಿನ ಆ ಚಾದ ಕಪ್ಪ ಮೊದಲ ಇತ್ತಾಗ ಕೊಡ್ರಿ. ಅದ್ರಾಗಿನ ಸಕ್ಕರಿ ನಮ್ಮ ಆ ಟನ್ನಿಂದು.