ತನಗೆ ತಾನೇ ಬದಲಿ

ಸೋಮವಾರದ ಸಭೆಗೆ ಡಾಕ್ಟರಮ್ಮ ಒಬ್ಬರೇ ಬಂದಿದ್ದರು. ಅಧ್ಯಕ್ಷರೂ ಅವರೇ, ಕಾರ್ಯದರ್ಶಿಯೂ ಅವರೇ, ಸದಸ್ಯರೂ ಅವರೇ. ಉದ್ದನೆಯ ಮೇಜಿನ ತುದಿಯಲ್ಲಿ ಕೂತು ಎಲ್ಲರಿಗೂ ಸ್ವಾಗತ ಕೋರಿದರು. ಆಮೇಲೆ ಪಕ್ಕದ ಕುರ್ಚಿಗೆ ಜರುಗಿ ಹಿಂದಿನ ಸಭೆಯ ವರದಿ ಓದಿದರು. ವಾರ್ಡಿನ ಸಿಂಕಿಗೆ ಹೊಸ ನಲ್ಲಿ ಬೇಕೆಂದು ಸೂಚಿಸಿದರು, ತಾವೇ ಅನುಮೋದಿಸಿದರು, ಖರ್ಚು ಜಾಸ್ತಿಯೆಂದು ತಾವೇ ಆಕ್ಷೇಪಿಸಿ, ಆ ಆಕ್ಷೇಪಣೆಗೆ ಸ್ವಲ್ಪ ಸಿಟ್ಟೂ ಮಾಡಿಕೊಂಡರು. ಬಿಸ್ಕತ್ತಿನ ತಟ್ಟೆ ಮಾತ್ರ ಇನ್ನೂ ಹಳೆಯ ಲೆಕ್ಕದಲ್ಲೇ, ಕೋಣೆ ತುಂಬ ಜನ ಇದ್ದಾಗಿನಷ್ಟೇ ಬರುತ್ತಿತ್ತು. ಅದರ ಬಗ್ಗೆ ಸಭೆಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ.

ಆ ಆಸ್ಪತ್ರೆಯ ಡಾಕ್ಟರುಗಳೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದರೆ, ಎಲ್ಲಿಗೂ ಹೋಗಿರಲಿಲ್ಲ. ಒಬ್ಬೊಬ್ಬರಾಗಿ ಖಾಯಂ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬದಲಿ ಡಾಕ್ಟರನ್ನು ಒದಗಿಸುವ ಏಜೆನ್ಸಿಯೊಂದರಲ್ಲಿ ಹೆಸರು ಬರೆಸಿ, ಮುಂದಿನ ವಾರವೇ ಅದೇ ಬಾಗಿಲಿನಿಂದ ಒಳಗೆ ಬಂದು, ಅದೇ ಕುರ್ಚಿಯಲ್ಲಿ ಕೂತು, ಅದೇ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ವ್ಯತ್ಯಾಸ ಇಷ್ಟೇ: ಬದಲಿ ಡಾಕ್ಟರು ಸಭೆಗೆ ಬರಬೇಕಾಗಿಲ್ಲ. ಯಾವ ದಿನ ಬರುವುದಿಲ್ಲ ಎಂದು ಅವರೇ ಹೇಳಬಹುದು. ಮೇಲಾಗಿ ಹೊರಗಿನಿಂದ ಬಂದವರೆಂದು ಅವರಿಗೆ ಮರ್ಯಾದೆ ಬೇರೆ. ನಿನ್ನೆಯವರೆಗೆ ಯಾರ ಕಡೆ ತಿರುಗಿಯೂ ನೋಡದಿದ್ದ ಆಡಳಿತಾಧಿಕಾರಿ, ಇಂದು ಅವರಿಗೆ ಬಾಗಿಲು ತೆಗೆದು ಹಿಡಿಯುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಇಲ್ಲಿ ಹಿತ್ತಲ ಗಿಡವೇ ಬೇಲಿ ಹಾರಿ ಬೀದಿ ಬಾಗಿಲಿನಿಂದ ಬಂದರೆ ಮದ್ದಾಗುತ್ತಿತ್ತು.

ಡಾಕ್ಟರಮ್ಮ ಮಾತ್ರ ಹಾರಲಿಲ್ಲ. ಯಾರಾದರೂ ಒಬ್ಬರು ನಿಲ್ಲಬೇಕಲ್ಲ ಎಂದುಕೊಂಡಿದ್ದರು. ಒಳ್ಳೆಯ ಮಾತೇ, ಆದರೆ ಹಾಗೆಂದುಕೊಂಡವರ ತಲೆಯ ಮೇಲೆ ಜಗತ್ತು ಏನೇನು ಹೇರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಕೊನೆಗೆ ಇಡೀ ವಿಭಾಗದಲ್ಲಿ ಖಾಯಂ ಎಂದು ಉಳಿದವರು ಅವರೊಬ್ಬರೇ. ಒಮ್ಮೆ ಸಭೆಗೆ ತಡವಾಗಿ ಬಂದದ್ದಕ್ಕೆ ಶಿಸ್ತು ಸಮಿತಿಯವರಾಗಿ ತಮ್ಮನ್ನೇ ವಿಚಾರಿಸಿ, ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು.

ಇವೆಲ್ಲ ಸಹಿಸಿಕೊಳ್ಳುವ ಮಾತಾಗಿತ್ತು, ಈ ಶುಕ್ರವಾರ ಬರುವವರೆಗೆ. ಶುಕ್ರವಾರ ಮಧ್ಯಾಹ್ನ ಮಗಳ ಶಾಲೆಯಲ್ಲಿ ನಾಟಕ. ಮಗಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು, ಎರಡನೆಯ ತರಗತಿ, ನಾಟಕದಲ್ಲಿ ಅವಳದು ಬಂಡೆಯ ಪಾತ್ರ. ಬೂದು ಬಟ್ಟೆ ಹೊದ್ದು ಮೊದಲಿನಿಂದ ಕೊನೆಯವರೆಗೆ ಅಲುಗಾಡದೆ ಕೂರಬೇಕು. ಮಾತಿಲ್ಲ. ಹೋದ ವರ್ಷ ಅವಳು ಚಿಟ್ಟೆಯಾಗಿದ್ದಾಗ ಡಾಕ್ಟರಮ್ಮ ಎಮರ್ಜೆನ್ಸಿಯಲ್ಲಿದ್ದರು. ಓಟದ ಪಂದ್ಯದ ದಿನ ಸಭೆಯಲ್ಲಿದ್ದರು, ಒಬ್ಬರೇ. ಗಂಡ ಲಿಫ್ಟ್ ರಿಪೇರಿಯವನು, ಊರೂರು ಸುತ್ತುವ ಕೆಲಸ. ಶಾಲೆಯ ಹೊತ್ತಿಗೆ ಅವನು ಯಾವುದೋ ಕಟ್ಟಡದ ಎರಡು ಮಹಡಿಗಳ ನಡುವೆ ಇರುತ್ತಿದ್ದ. ಹಾಗಾಗಿ ಪ್ರತಿ ಸಲವೂ ಹೋಗುತ್ತಿದ್ದವಳು ಅವನ ತಂಗಿ, ಡ್ರೈವಿಂಗ್ ಸ್ಕೂಲ್ ನಡೆಸುವ ನಾದಿನಿ.

ಈ ಸಲ ಖಂಡಿತ ಬರ್ತೀನಿ ಎಂದು ಡಾಕ್ಟರಮ್ಮ ಹೇಳಿದಾಗ ಗುಬ್ಬಿ ಅಳಲಿಲ್ಲ, ಆಣೆ ಹಾಕಿಸಿಕೊಳ್ಳಲಿಲ್ಲ, ಹೂಂ ಅಂದು ಪೆನ್ಸಿಲ್ ಕೆತ್ತುವುದನ್ನು ಮುಂದುವರಿಸಿದಳು. ಹಟ ಮಾಡುವ ಮಗುವನ್ನು ಸಮಾಧಾನ ಮಾಡಬಹುದು. ಏನನ್ನೂ ಕೇಳದ ಮಗುವಿಗೆ ಏನು ಹೇಳುವುದು?

ರಜೆಯ ಅರ್ಜಿ ಬರೆದರು. ಅರ್ಜಿಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಮುಖ್ಯಸ್ಥರು ಇವರೇ. ತಮ್ಮ ರಜೆಗೆ ತಾವೇ ಸಹಿ ಹಾಕಬಾರದು ಎಂದು ನಿಯಮ. ಅರ್ಜಿ ಹಿಡಿದು ಆಡಳಿತಾಧಿಕಾರಿಯ ಕೋಣೆಗೆ ಹೋದರು. ಅವರೂ ಒಂದು ಕಾಲದಲ್ಲಿ ಡಾಕ್ಟರೇ. ರೋಗಿಯನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದರು. ಅವರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ದಾರಿ ಹೇಳಿದರು. ಖಾಯಂ ಡಾಕ್ಟರಿಗೆ ಬದಲಿಯಾಗಿ ಇನ್ನೊಬ್ಬ ಖಾಯಂ ಡಾಕ್ಟರು ಒಪ್ಪಿಕೊಂಡರೆ ತಮ್ಮದೇನೂ ಅಡ್ಡಿಯಿಲ್ಲ.

"ಸರ್, ಈಗ ಇರೋ ಖಾಯಂ ಡಾಕ್ಟ್ರು ನಾನೊಬ್ಳೇ."

"ಹಾಗಾದ್ರೆ ಸುಲಭ ಆಯ್ತಲ್ಲಮ್ಮ. ನಿಮ್ಮನ್ನೇ ಒಂದು ಮಾತು ಕೇಳ್ಕೊಳ್ಳಿ."

ಮೆಟ್ಟಿಲಿಳಿಯುವಾಗ ಕೇಳಿಕೊಂಡರು. ಶುಕ್ರವಾರ ತಮಗೆ ಬಿಡುವಿರಲಿಲ್ಲ.

ಡಾಕ್ಟರಮ್ಮ ತಾಳ್ಮೆಯ ಮನುಷ್ಯರು. ಆದರೆ ತಾಳ್ಮೆಯವರಿಗೆ ಸಿಟ್ಟು ಬಂದರೆ ಅದು ನಿಯಮ ಪುಸ್ತಕ ಓದಲು ಕೂರುತ್ತದೆ. ಅಂದು ಊಟದ ಬಿಡುವಿನಲ್ಲಿ ಪುಟ ಪುಟ ಓದಿದರು. ರಜೆಗೆ ತಾವೇ ಸಹಿ ಹಾಕಬಾರದು ಎಂದಿತ್ತು, ನಿಜ; ರಾಜೀನಾಮೆಗೆ ಹಾಕಬಾರದು ಎಂದು ಎಲ್ಲಿಯೂ ಇರಲಿಲ್ಲ. ಅಷ್ಟು ದೂರ ಯಾರಿಗೂ ಹೊಳೆದಿರಲಿಲ್ಲ. ರಾಜೀನಾಮೆ ಬರೆದರು, ಪಕ್ಕದ ಕುರ್ಚಿಗೆ ಜರುಗಿದರು, ತುಂಬಾ ವಿಷಾದದಿಂದ ಸ್ವೀಕರಿಸಿದರು. ಸಂಜೆ ಹೋಗಿ ಏಜೆನ್ಸಿಯಲ್ಲಿ ಹೆಸರು ಬರೆಸಿದರು.

ಸುದ್ದಿ ಕೇಳಿ ದೊಡ್ಡ ಸಾಹೇಬರೂ ನಿಯಮ ಪುಸ್ತಕ ತೆಗೆದರು. ವಿಭಾಗಕ್ಕೆ ಒಬ್ಬರಾದರೂ ಖಾಯಂ ಡಾಕ್ಟರು ಇರಲೇಬೇಕೆಂದು ನಿಯಮ. ಅವರು ಏಜೆನ್ಸಿಗೆ ಫೋನು ಮಾಡಿ, ಅರ್ಜೆಂಟಾಗಿ ಒಬ್ಬ ಖಾಯಂ ಡಾಕ್ಟರು ಬೇಕು, ಹಂಗಾಮಿಯಾದರೂ ಪರವಾಗಿಲ್ಲ ಎಂದರು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ತಲೆ ಬಾಚಿಕೊಳ್ಳುತ್ತಿದ್ದಾಗ ಏಜೆನ್ಸಿಯ ಹುಡುಗಿಯ ಫೋನು ಬಂತು. ದನಿಯಲ್ಲಿ ಜೇನು ಸುರಿಯುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಕೈಕೊಟ್ಟು ಹೋಗಿದ್ದಾರಂತೆ, ಪಾಪ ಅವರು ಕಷ್ಟದಲ್ಲಿದ್ದಾರೆ, ತಾವು ದೊಡ್ಡ ಮನಸ್ಸು ಮಾಡಬೇಕು ಎಂದಳು.

ಡಾಕ್ಟರಮ್ಮ ಬಾಚಣಿಗೆ ಕೆಳಗಿಟ್ಟರು. ಶುಕ್ರವಾರ ಮಧ್ಯಾಹ್ನ ಮಾತ್ರ ಆಗುವುದಿಲ್ಲ ಎಂದರು.

"ಅಯ್ಯೋ ಅದಕ್ಕೇನು ಮೇಡಂ, ಬೇರೆ ಯಾರನ್ನಾದ್ರೂ ಕಳಿಸ್ತೀವಿ. ನೀವು ಆರಾಮಾಗಿರಿ."

ಇಷ್ಟೇನಾ! ಇಷ್ಟು ವರ್ಷ ಬೇಡಿ, ವಾದಿಸಿ, ಬಾತ್‌ರೂಮಿನಲ್ಲಿ ಅತ್ತು ಸಿಗದೇ ಹೋದದ್ದು ಒಂದು ವಾಕ್ಯಕ್ಕೆ ಸಿಕ್ಕಿತು. ಡಾಕ್ಟರಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅದರ ಎರಡರಷ್ಟು ಸಿಟ್ಟು ಬಂತು.

ದೊಡ್ಡ ಸಾಹೇಬರು ಹೊಸ ಡಾಕ್ಟರನ್ನು ಸ್ವಾಗತಿಸಲು ಬಾಗಿಲಲ್ಲೇ ನಿಂತಿದ್ದರು. ಇವರನ್ನು ನೋಡಿ ಮುಖ ಒಮ್ಮೆ ಹುಳ್ಳಗಾಯಿತು; ಆದರೂ ಚೇತರಿಸಿಕೊಂಡು ಬಾಗಿಲು ತೆಗೆದು ಹಿಡಿದು, ಪ್ರಯಾಣ ಸುಖವಾಗಿತ್ತೇ ಎಂದು ಕೇಳಿದರು. ಡಾಕ್ಟರಮ್ಮ ಬಸ್ಸು ಸ್ವಲ್ಪ ತಡವಾಯಿತು ಎಂದರು.

ಸಾಹೇಬರನ್ನು ದಾಟಬಹುದು, ವಾರ್ಡಿನ ಹಿರಿಯ ಸಿಸ್ಟರನ್ನು ದಾಟುವುದು ಸುಲಭವಲ್ಲ. ಆಕೆಯ ವಾರ್ಡಿನಲ್ಲಿ ಒಂದು ಪದ್ಧತಿ. ಹೋಗುವ ಡಾಕ್ಟರು ಬರುವ ಡಾಕ್ಟರಿಗೆ ಪ್ರತಿ ರೋಗಿಯನ್ನೂ ಮಂಚದ ಪಕ್ಕ ನಿಂತು, ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಕಾಯಿಲೆ, ಔಷಧಿ ಎಲ್ಲ ಹೇಳಿದ ಮೇಲೆ ಕೊನೆಗೆ, ಈ ರೋಗಿ ಯಾರ ದಾರಿ ನೋಡುತ್ತಾರೆ ಎಂಬುದನ್ನೂ ಹೇಳಬೇಕು. ಬಾಗಿಲ ಕಡೆ ಕಣ್ಣಿಟ್ಟವರು ನೋವನ್ನು ಸರಿಯಾಗಿ ಹೇಳುವುದಿಲ್ಲ ಎಂದು ಆಕೆಯ ನಂಬಿಕೆ. ಹೋಗುವವಳೂ ಬರುವವಳೂ ನಾನೇ ಆಗಿರುವಾಗ ಇದೆಲ್ಲ ಯಾಕೆ ಎಂದು ಡಾಕ್ಟರಮ್ಮ ಕೇಳಿದರು.

"ಒಪ್ಪಿಸದೆ ಯಾರೂ ನನ್ನ ವಾರ್ಡಿಂದ ಹೋಗಿಲ್ಲ ಮೇಡಂ, ಒಪ್ಪಿಸ್ಕೊಳ್ಳದೆ ಯಾರೂ ಬಂದಿಲ್ಲ. ಎಡಗಡೆ ನಿಂತು ಹೇಳಿ, ಬಲಗಡೆ ಬಂದು ಕೇಳಿಸ್ಕೊಳ್ಳಿ. ನನಗೆ ಪುರುಸೊತ್ತಿದೆ."

ಹೀಗೆ ಡಾಕ್ಟರಮ್ಮ ಪ್ರತಿ ಮಂಚವನ್ನೂ ಸುತ್ತು ಹಾಕಿದರು. ಎಡಗಡೆ ನಿಂತು ಕೆಮ್ಮು, ಜ್ವರ, ಸಕ್ಕರೆ ಎಂದರು. ಬಲಗಡೆಗೆ ಬಂದು ಹೌದಾ, ಜ್ವರ ಯಾವಾಗಿನಿಂದ ಎಂದು ಕೇಳಿದರು. ಉತ್ತರ ಹೇಳಲು ಮತ್ತೆ ಎಡಗಡೆಗೆ ಓಡಿದರು. ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದ ಗಡಿಯಾರ ರಿಪೇರಿಯ ಅಜ್ಜನ ಕತ್ತು ಇವರ ಜೊತೆ ಅತ್ತಿತ್ತ ತಿರುಗಿ ತಿರುಗಿ ಸುಸ್ತಾಯಿತು. ಅಜ್ಜ ಯಾರ ದಾರಿ ನೋಡುತ್ತಾರೆ ಎಂಬ ಪ್ರಶ್ನೆಗೆ ಎಡಗಡೆಯ ಡಾಕ್ಟರಮ್ಮನ ಬಳಿ ಉತ್ತರ ಇರಲಿಲ್ಲ. ಬಲಗಡೆಯ ಡಾಕ್ಟರಮ್ಮ ಸ್ಟೂಲು ಎಳೆದು ಕೂತು ಅಜ್ಜನನ್ನೇ ಕೇಳಿದರು. ಅವರಿಗೆ ಸಭೆ ಇರಲಿಲ್ಲವಲ್ಲ. ಅಜ್ಜ ತನ್ನ ಅಂಗಡಿಯ ಕೀಲಿ ಇಟ್ಟುಕೊಂಡಿರುವ ತಮ್ಮನ ವಿಷಯವನ್ನೆಲ್ಲ ಹೇಳಿ, ಕೊನೆಗೆ ಗುಟ್ಟಾಗಿ ಒಂದು ಮಾತು ಸೇರಿಸಿದ.

"ಹೋದ್ರಲ್ಲ, ಆ ಡಾಕ್ಟರಮ್ಮನಿಗಿಂತ ನೀವೇ ವಾಸಿ. ಅವ್ರು ಒಂದು ನಿಮಿಷ ನಿಲ್ತಾ ಇರ್ಲಿಲ್ಲ."

ಡಾಕ್ಟರಮ್ಮನಿಗೆ ಹೋದವರ ಮೇಲೆ ಕನಿಕರ ಬಂತು.

ಶುಕ್ರವಾರ ಮಧ್ಯಾಹ್ನಕ್ಕೆ ಬದಲಿಯಾಗಿ ತುಂಬಾ ಅನುಭವಸ್ಥ ಡಾಕ್ಟರನ್ನು ಕಳಿಸುತ್ತೇವೆ ಎಂದು ಏಜೆನ್ಸಿಯ ಹುಡುಗಿ ಹೇಳಿದ್ದಳು. ಹೊತ್ತಿಗೆ ಸರಿಯಾಗಿ ವಾರ್ಡಿನ ಬಾಗಿಲು ತೆರೆಯಿತು. ಮಡಿಕೆಯೇ ಬಿಚ್ಚಿರದ ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತೋಸ್ಕೋಪು ಹಾಕಿಕೊಂಡು, ಕಳ್ಳ ಬೆಕ್ಕಿನ ಹೆಜ್ಜೆಯಲ್ಲಿ ದೊಡ್ಡ ಸಾಹೇಬರು ಒಳಗೆ ಬಂದರು. ತಾವೂ ಏಜೆನ್ಸಿಗೆ ಹೆಸರು ಕೊಟ್ಟು ಕೆಲವು ತಿಂಗಳಾಯಿತೆಂದೂ, ಮೇಲಿನ ಮಹಡಿಯ ಸಭೆಗಳು ಕೆಳಗಿನವಕ್ಕಿಂತ ಉದ್ದವೆಂದೂ, ಈ ವಿಷಯ ತಮ್ಮಿಬ್ಬರಲ್ಲೇ ಇರಲೆಂದೂ ಪಿಸುಗುಟ್ಟಿದರು. ಡಾಕ್ಟರಮ್ಮ ಎಡಗಡೆ ನಿಂತು ಒಪ್ಪಿಸಿದರು, ಸಾಹೇಬರು ಬಲಗಡೆ ನಿಂತು ಬೆವರಿದರು. ಹಿರಿಯ ಸಿಸ್ಟರ್ ಹೂಂ ಎಂದ ಮೇಲೆ ಡಾಕ್ಟರಮ್ಮ ಹೊರಗೆ ಓಡಿದರು.

ಶಾಲೆಯ ಹಾಲಿನಲ್ಲಿ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರೆಲ್ಲ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಮೂರನೆಯ ಸಾಲಿನ ಎಡತುದಿಯಲ್ಲಿ ನಾದಿನಿ. ಅತ್ತಿಗೆ ಬರುತ್ತೇನೆಂದರೆ ಬರುವುದಿಲ್ಲ ಎಂದೇ ಲೆಕ್ಕ. ಹಾಗಾಗಿ ಅವಳು ಎಂದಿನಂತೆ ಬಂದು ಕೂತಿದ್ದಳು, ಒಂದು ತೋಳಿನಲ್ಲಿ ಗುಬ್ಬಿಯ ಬ್ಯಾಗು, ಇನ್ನೊಂದರಲ್ಲಿ ನೀರಿನ ಬಾಟಲಿ. ಡಾಕ್ಟರಮ್ಮನನ್ನು ಕಂಡು ಅವಳ ಹುಬ್ಬು ಹಣೆಯ ಮೇಲಕ್ಕೆ ಹೋಯಿತು.

"ಊರಿಗೆ ಉಪಕಾರಿ ಮನೆಗೂ ಬಂದ್ಬಿಟ್ರಾ? ಕೂತ್ಕೊಳ್ಳಿ ಅತ್ತಿಗೆ. ಅಲ್ಲಲ್ಲ, ಬಲಗಡೆ ಬೇಡ. ಬಂಡೆಗೆ ಎಡಗಡೆ ಒಂದು ತೂತಿದೆ, ಅದ್ರಲ್ಲಿ ಈ ಕುರ್ಚಿ ಒಂದೇ ಕಾಣೋದು. ನಾನೇ ಕತ್ರಿಸಿದ್ದು."

ತಾನು ಎದ್ದು ಆ ಕುರ್ಚಿ ಬಿಟ್ಟುಕೊಟ್ಟಳು. ಕಲಿಯುವವರಿಗೆ ಗೇರು ಹೇಳಿಕೊಡುವ ಗತ್ತಿನಲ್ಲೇ ಉಳಿದದ್ದನ್ನೂ ಹೇಳಿದಳು. ನಾಟಕ ಮುಗಿದ ಮೇಲೆ ಮೊದಲು ನೀರು, ಆಮೇಲೆ ಹೊಗಳಿಕೆ. ಮುದ್ದು ಎನ್ನಬಾರದು, ಅಲುಗಲೇ ಇಲ್ಲ ಎನ್ನಬೇಕು. ಕತ್ತಲಾದರೆ ಹೆದರುತ್ತಾಳೆ, ಹೆದರಿದರೆ ಬಿಕ್ಕಳಿಕೆ ಬರುತ್ತದೆ, ಆಗ ಕೈ ಎತ್ತಿ ತೋರಿಸಿದರೆ ಸಾಕು. ಡಾಕ್ಟರಮ್ಮ ಬಲಗಡೆ ನಿಂತ ಹೊಸ ಡಾಕ್ಟರಂತೆ ತಲೆದೂಗುತ್ತ ಕೇಳಿಸಿಕೊಂಡರು. ಒಂದೂ ಗೊತ್ತಿರಲಿಲ್ಲ. ಹೊತ್ತು ಹೆತ್ತ ಮಗುವನ್ನು ನಾದಿನಿಯಿಂದ ಒಪ್ಪಿಸಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ವಾರ್ಡಿನ ಅಭ್ಯಾಸ, ನಾಲಿಗೆ ತಾನಾಗಿ ಕೇಳಿಬಿಟ್ಟಿತು.

"ಯಾರ ದಾರಿ ನೋಡ್ತಾಳೆ?"

ನಾದಿನಿ ನೀರಿನ ಬಾಟಲಿಯನ್ನು ಅತ್ತಿಗೆಯ ಕೈಗಿಟ್ಟಳು. "ಮೊದಲು ನಿಮ್ಮ ದಾರಿ ನೋಡ್ತಿದ್ಲು ಅತ್ತಿಗೆ. ಈಗ ಬಿಟ್ಟಿದಾಳೆ."

ದೀಪ ಆರಿತು. ನಾಟಕ ಶುರುವಾಯಿತು. ರಾಜನೊಬ್ಬ ಮಾತು ಮರೆತ, ಕುದುರೆಯ ಹಿಂದಿನ ಕಾಲು ಮುಂದಿನ ಕಾಲಿನ ಜೊತೆ ಜಗಳವಾಡಿತು. ಡಾಕ್ಟರಮ್ಮ ನೋಡಿದ್ದು ಬಂಡೆಯನ್ನೊಂದೇ. ಅಷ್ಟರಲ್ಲಿ ಅವರ ಫೋನು ಗುರುಗುಟ್ಟಿತು, ದೊಡ್ಡ ಸಾಹೇಬರು. ಡಾಕ್ಟರಮ್ಮ ಫೋನನ್ನು ತಿರುಗಿಯೂ ನೋಡದೆ ನಾದಿನಿಯ ಕೈಗಿಟ್ಟರು. ನಾದಿನಿ ಬಾಗಿಲ ಹತ್ತಿರ ಹೋಗಿ, ಹೊಸದಾಗಿ ಕಾರು ಕಲಿಯುವವರಿಗೆ ಹೇಳುವಂತೆ, ಗಾಬರಿಯಾಗಬೇಡಿ, ಎರಡೂ ಕೈ ಮೇಲಿಡಿ, ಪಕ್ಕದಲ್ಲಿ ಕೂತವರು ಹೇಳಿದ ಹಾಗೆ ಕೇಳಿ ಎಂದದ್ದು ಕೇಳಿಸಿತು. ಪಕ್ಕದಲ್ಲಿ ಹಿರಿಯ ಸಿಸ್ಟರ್ ಇರುವುದರಿಂದ ಅದು ಸರಿಯಾದ ಸಲಹೆಯೇ.

ವೇದಿಕೆಯ ಮೇಲೆ ಬಿರುಗಾಳಿಗೆಂದು ದೀಪ ಪೂರ್ತಿ ತಗ್ಗಿಸಿದರು, ಬಾಗಿಲ ಕಡೆಯ ಬೆಳಕಷ್ಟೇ ಕುರ್ಚಿಗಳ ಮೇಲೆ ಉಳಿಯಿತು. ಬಂಡೆ ಒಮ್ಮೆ ಬಿಕ್ಕಳಿಸಿತು. ಡಾಕ್ಟರಮ್ಮ ಕೈ ಎತ್ತಿದರು. ಬಂಡೆ ಥಟ್ಟನೆ ಅವರ ಕಡೆಗೆ ಅರ್ಧ ತಿರುಗಿತು, ಬಂಡೆಗಳು ಮಾಡಬಾರದ ಕೆಲಸ. ಆಮೇಲೆ ಮತ್ತೆ ಬಿಕ್ಕಳಿಸಲಿಲ್ಲ. ಕೈ ನೋಯುತ್ತಿದ್ದರೂ ಡಾಕ್ಟರಮ್ಮ ದೀಪ ಬರುವವರೆಗೆ ಇಳಿಸಲಿಲ್ಲ.

ನಾಟಕ ಮುಗಿದಾಗ ಗುಬ್ಬಿ ಬೂದು ಬಟ್ಟೆ ಎಳೆದುಕೊಂಡು ಬಂದಳು, ಕೂದಲೆಲ್ಲ ಕೆದರಿತ್ತು. ಮೊದಲು ಬಾಗಿಲಲ್ಲಿದ್ದ ಅತ್ತೆಯನ್ನು ನೋಡಿದಳು, ಆಮೇಲೆ ಅತ್ತೆಯ ಕುರ್ಚಿಯಲ್ಲಿದ್ದ ಅಮ್ಮನನ್ನು ನೋಡಿದಳು. ಮನೆಯಲ್ಲಿ ದಿನಾ ಕೇಳುವ ಮಾತೇ ಅವಳ ಬಾಯಿಗೆ ಬಂತು.

"ಇವತ್ತು ಅತ್ತೆ ಬದಲಿಗೆ ನೀನು ಬಂದಿದ್ದಾ?"

ಅಲ್ಲಮ್ಮ, ಇಷ್ಟು ದಿನ ಅತ್ತೆಯೇ ನನ್ನ ಬದಲಿಗೆ ಬರ್ತಿದ್ದಿದ್ದು ಎನ್ನಬೇಕೆಂದು ಡಾಕ್ಟರಮ್ಮನಿಗೆ ಅನಿಸಿತು. ಆದರೆ ಮೂರನೆಯ ಸಾಲಿನ ಎಡತುದಿಯಲ್ಲಿ ಯಾರು ಖಾಯಂ, ಯಾರು ಹಂಗಾಮಿ ಎಂಬುದು ಬಂಡೆಗೆ ಚೆನ್ನಾಗಿ ಗೊತ್ತಿತ್ತು. ಅವರು ಮೊದಲು ನೀರು ಕೊಟ್ಟರು.

"ಹೌದು ಪುಟ್ಟಿ, ಬದಲಿಗೆ ಬಂದೆ. ನೀನು ಅಲುಗಲೇ ಇಲ್ಲ. ನನ್ನ ಕೆಲಸ ಸರಿ ಹೋದ್ರೆ ಖಾಯಂ ಮಾಡ್ಕೊಳ್ತೀಯಾ?"

ಗುಬ್ಬಿ ಬಾಟಲಿ ಖಾಲಿಯಾಗುವವರೆಗೆ ಯೋಚಿಸಿದಳು.

"ನೋಡೋಣ. ಸೋಮವಾರ ನಂಗೆ ಹಲ್ಲು ಕೀಳಿಸ್ಬೇಕು. ಅದಕ್ಕೂ ಬಾ."

ಬೂದು ಬಟ್ಟೆಯನ್ನು ಅವರ ಕೈಗೆ ತುರುಕಿ ಮುಂದೆ ನಡೆದಳು. ಸೋಮವಾರ ಸಭೆಯ ದಿನ, ಆದರೆ ಬದಲಿಯವರು ಸಭೆಗೆ ಹೋಗಬೇಕಾಗಿಲ್ಲ. ಡಾಕ್ಟರಮ್ಮ ನಾದಿನಿಯ ತೋಳಿನಿಂದ ಬ್ಯಾಗನ್ನೂ ತೆಗೆದುಕೊಂಡು, ಮಗಳ ಹಿಂದೆ ಹೊರಟರು.